ಪುಟ್ಟ ಮಕ್ಕಳ ಮಾಂಟೆಸ್ಸರಿ ಟೀಚರ್ ಆಗಬೇಕಾ? ಕೊಡಗಿನಿಂದ ಹೊರಡುವವರಿಗೆ

"ಮಾಂಟೆಸ್ಸರಿ ಟ್ರೈನಿಂಗ್" ಅಂತ ಎಲ್ಲಾದರೂ ಪೋಸ್ಟರ್ ಕಂಡರೆ ತಕ್ಷಣ ದುಡ್ಡು ಕಟ್ಟಬೇಡಿ. ಫೋನ್ ಮಾಡಿ, ಒಂದೇ ಪ್ರಶ್ನೆ ಕೇಳಿ: ಇದು ಯಾವ ವಯಸ್ಸಿನ ಮಕ್ಕಳಿಗೆ?

ನಮ್ಮ ಕಡೆ ಮಾಂಟೆಸ್ಸರಿ ಕೋರ್ಸ್ ಅಂದರೆ ಹೆಚ್ಚಿನದು ಎರಡೂವರೆಯಿಂದ 6 ವರ್ಷದ ಮಕ್ಕಳಿಗೆ. ಹಾಲು ಕುಡಿಯುವ ಕೂಸು, ಅಂಬೆಗಾಲಿಡುವ ಮಗು, ಈಗಷ್ಟೇ ನಡೆಯಲು ಕಲಿತ ಒಂದೂವರೆ ವರ್ಷದ ಪುಟಾಣಿ, ಇವರ ಜೊತೆ ಕೆಲಸ ಮಾಡಲು ಬೇರೆಯದೇ ತರಬೇತಿ ಇದೆ. ಹುಟ್ಟಿದ ದಿನದಿಂದ 3 ವರ್ಷದವರೆಗೆ. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಮೊದಲ ಕೋರ್ಸ್ ಮುಗಿಸಿ ಬಂದಾಗ ಗುಲಾಬಿ ಬಣ್ಣದ ಮರದ ತುಂಡುಗಳ ಗೋಪುರ ಜೋಡಿಸುವುದು, ಬೆರಳಲ್ಲಿ ಸವರಿ ಕಲಿಯುವ ಮರಳು ಕಾಗದದ ಅಕ್ಷರ ತೋರಿಸುವುದು ಎಲ್ಲ ಚೆನ್ನಾಗಿ ಬರುತ್ತಿತ್ತು. ಆದರೆ ವಿರಾಜಪೇಟೆ ಕಡೆಯ ಒಂದು ತೋಟದಲ್ಲಿ 11 ತಿಂಗಳ ಮಗು ನನ್ನ ಮುಂದೆ ಕೂತು ಬಳೆ ಹಿಡಿದು ಎಳೆದಾಗ ಮುಂದೇನು ಮಾಡಬೇಕು ಅಂತ ತೋಚಲೇ ಇಲ್ಲ. ಕೋರ್ಸ್ ನಡೆಸಿದವರು "ಎಲ್ಲ ವಯಸ್ಸಿಗೂ ಆಗುತ್ತದೆ" ಅಂದಿದ್ದರು. ಆಗುವುದಿಲ್ಲ. ಆ ಫೀಸು ಮನೆಯ ಕರಿಮೆಣಸು ಮಾರಿ ಬಂದ ದುಡ್ಡು, ಆಮೇಲೆ ಸರಿಯಾದ ಕೋರ್ಸಿಗೆ ಇನ್ನೊಮ್ಮೆ ಕಟ್ಟಬೇಕಾಯಿತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೂಲ ಸ್ವಲ್ಪ ಗೊತ್ತಿರಲಿ. ಮಾರಿಯಾ ಮಾಂಟೆಸ್ಸರಿ ಇಟಲಿಯ ಡಾಕ್ಟರ್. 1907ರ ಜನವರಿಯಲ್ಲಿ ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ಶುರುವಾಯಿತು. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಯಾರೂ ಇಲ್ಲದ ಮಕ್ಕಳು ಅಲ್ಲಿದ್ದವರು. ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ತೋಟದ ಕೆಲಸದವರ ಲೈನ್ ಮನೆಗಳ ಮುಂದೆ ಓಡಾಡಿಕೊಂಡಿರುವ ಮಕ್ಕಳನ್ನು ನೆನೆಸಿಕೊಳ್ಳಿ, ಹಾಗೆ. 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದರು. ಯುದ್ಧ ಶುರುವಾಗಿತ್ತು, ವರ್ಷಗಟ್ಟಲೆ ಇಲ್ಲೇ ಉಳಿದರು, ಅದರಲ್ಲಿ ಒಂದಷ್ಟು ಕಾಲ ಕೊಡೈಕನಾಲ್‌ನಲ್ಲಿ. ಇತ್ತ ರೋಮ್‌ನಲ್ಲಿ ಅವರ ಜೊತೆ ದುಡಿದಿದ್ದ ಅಡೆಲೆ ಕೋಸ್ತಾ ನ್ಯೋಕ್ಕಿ 1947ರಲ್ಲಿ 3 ವರ್ಷದೊಳಗಿನ ಮಕ್ಕಳಿಗಾಗಿಯೇ ಒಂದು ತರಬೇತಿ ಶುರು ಮಾಡಿದರು. ಇವತ್ತಿನ "ಅಸಿಸ್ಟೆಂಟ್ಸ್ ಟು ಇನ್‌ಫನ್ಸಿ" ಕೋರ್ಸ್ ಅದರಿಂದಲೇ ಬೆಳೆದದ್ದು. ಹೆಸರಲ್ಲಿ ಅಸಿಸ್ಟೆಂಟ್ ಅಂತ ಇದೆ ಎಂದು ಆಯಾ ಕೆಲಸದ ಕೋರ್ಸ್ ಅಂದುಕೊಳ್ಳಬೇಡಿ. ಮಗುವಿನ ಬೆಳವಣಿಗೆಗೆ ನೆರವಾಗುವವರು ಅನ್ನುವ ಅರ್ಥದಲ್ಲಿ ಇಟ್ಟ ಹೆಸರು ಅದು.

ಕೋರ್ಸ್ ಸೇರುವ ಮುಂಚೆ ಒಂದು ತಿಂಗಳು ಕೂತು ನೋಡಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ. ಈ ವಯಸ್ಸಿನ ಟೀಚರ್‌ಗೆ ಬೇಕಾದ ಮೊದಲ ವಿದ್ಯೆ ಗಮನಿಸುವುದು. ನಾವೆಲ್ಲ ಮಗು ಕಂಡರೆ ಎತ್ತಿಕೊಳ್ಳುವ, ಮುದ್ದು ಮಾಡುವ, ಆಟಿಕೆ ಅಲ್ಲಾಡಿಸುವ ಜನ. ಅದು ಒಳ್ಳೆಯದೇ, ಆದರೆ ಮಗು ಏನೋ ಮಾಡುತ್ತಿರುವಾಗ ನಮ್ಮ ಕೈ ಮಧ್ಯೆ ಹೋದರೆ ಅದರ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕೈ ಹಿಂದೆ ಇಟ್ಟುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಎಲ್ಲಿ ನೋಡುವುದು? ನಿಮ್ಮ ಊರಿನ ಅಂಗನವಾಡಿ ಟೀಚರನ್ನು ಕೇಳಿ. ಪಂಚಾಯಿತಿಯಲ್ಲಿ ಕೂಸಿನ ಮನೆ ಇದ್ದರೆ ಇನ್ನೂ ಒಳ್ಳೆಯದು, ಅದು ಹಳ್ಳಿಯಲ್ಲಿ ಕೂಲಿ ಕೆಲಸಕ್ಕೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗಾಗಿಯೇ ಸರ್ಕಾರ ತೆರೆದ ಜಾಗ. ಇಲ್ಲದಿದ್ದರೆ ಪಕ್ಕದ ಮನೆಯ ಬಾಣಂತಿ, ನೆಂಟರ ಮಗು, ತೋಟದ ಲೈನ್. ತಾಯಿಯ ಹತ್ತಿರ ಕೇಳಿಯೇ ಕೂರಬೇಕು. ಫೋಟೋ, ವಿಡಿಯೋ ಬೇಡ.

ಒಂದು ನೋಟ್‌ಬುಕ್, ಒಂದು ಪೆನ್, ಕೈಗೆ ವಾಚ್. ಮಗುವಿನಿಂದ ಐದಾರು ಅಡಿ ದೂರದಲ್ಲಿ ಮಣೆ ಹಾಕಿ ಕೂತುಕೊಳ್ಳಿ. ಒಂದು ಗಂಟೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. "ಮಗು ಹಟ ಮಾಡಿತು" ಅಂತ ಬರೆದರೆ ಅದು ನಿಮ್ಮ ತೀರ್ಮಾನ. ಹಾಗಾದರೆ ಹೇಗೆ ಬರೆಯುವುದು? ನನ್ನ ಹಳೇ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ, ಜನವರಿ ತಿಂಗಳು, ಮಗುವಿಗೆ 10 ತಿಂಗಳು, ತಾಯಿ ಕಾಫಿ ಕೊಯ್ಯಲು ಹೋಗಿದ್ದಾಳೆ, ಅಜ್ಜಿ ಅಕ್ಕಿ ಕೇರುತ್ತಿದ್ದಾರೆ:

"10.20. ಸ್ಟೀಲ್ ಲೋಟ ಉರುಳಿ ಬಾಗಿಲ ಹತ್ತಿರ ಹೋಯಿತು. ಮಗು ಅದನ್ನೇ ನೋಡಿತು. 10.21. ಅಂಬೆಗಾಲಲ್ಲಿ ಹೊರಟಿತು, ಎಡಗಾಲು ಲಂಗಕ್ಕೆ ಸಿಕ್ಕಿತು, ನಿಂತಿತು, ಕಾಲು ಎಳೆದುಕೊಂಡಿತು. 10.23. ಲೋಟ ಹಿಡಿಯಿತು. ನೆಲಕ್ಕೆ ಬಡಿಯಿತು, ಸದ್ದು ಕೇಳಿ ನಿಲ್ಲಿಸಿತು, ಮತ್ತೆ ಬಡಿಯಿತು. ಹೀಗೆ 14 ಸಲ. 10.29. ಲೋಟವನ್ನು ತಾನೇ ಉರುಳಿಸಿತು."

ಈ ಒಂಬತ್ತು ನಿಮಿಷದಲ್ಲಿ ಅಜ್ಜಿ ಎರಡು ಸಲ ನನ್ನನ್ನು ಕರೆದರು. "ಏನ್ ಟೀಚರ್, ಸುಮ್ನೆ ಕೂತಿದ್ದೀರಲ್ಲ, ಲೋಟ ಎತ್ತಿ ಕೊಡಬಾರದಾ?" "ಸ್ವಲ್ಪ ಇರಿ ಅಜ್ಜಿ, ಅವಳೇ ಹೋಗ್ತಾಳೆ ನೋಡಿ" ಅಂದೆ. ಅವಳು ಲೋಟ ಹಿಡಿದಾಗ ಅಜ್ಜಿ ಮೊರ ಕೆಳಗಿಟ್ಟು ನೋಡಿದರು. ನಾನು ಎತ್ತಿ ಕೊಟ್ಟಿದ್ದರೆ ಆ ಪಯಣವೂ ಇರುತ್ತಿರಲಿಲ್ಲ, 14 ಸಲ ಬಡಿದು ಕೇಳಿದ್ದೂ ಇರುತ್ತಿರಲಿಲ್ಲ, ಕೊನೆಗೆ ತಾನೇ ಉರುಳಿಸಿ ಮತ್ತೆ ಶುರು ಮಾಡಿದ್ದಂತೂ ಖಂಡಿತ ಇರುತ್ತಿರಲಿಲ್ಲ.

ವಾರಕ್ಕೆ ಮೂರು ಗಂಟೆ, ನಾಲ್ಕು ವಾರ ಹೀಗೆ ಕೂತು ನೋಡಿ. ಬೇಜಾರಾಗಿ ಫೋನ್ ತೆಗೆಯಬೇಕು ಅನ್ನಿಸಿದರೆ ಈ ಕೆಲಸ ನಿಮಗೆ ಕಷ್ಟ, ಫೀಸು ಉಳಿಯಿತು. ಇನ್ನೂ ನೋಡಬೇಕು ಅನ್ನಿಸಿದರೆ ಮುಂದೆ ಓದಿ.

ಯಾವ ಕೋರ್ಸ್, ಏನು ಕೇಳಬೇಕು

ಮಾಂಟೆಸ್ಸರಿ ಎಂಬ ಹೆಸರಿನ ಮೇಲೆ ಯಾರಿಗೂ ಒಡೆತನ ಇಲ್ಲ. ಅಮೆರಿಕದಲ್ಲಿ 1967ರಲ್ಲೇ ಈ ಬಗ್ಗೆ ತಕರಾರು ಬಂದು, ಇದು ಎಲ್ಲರೂ ಬಳಸಬಹುದಾದ ಸಾಮಾನ್ಯ ಹೆಸರು ಅಂತ ತೀರ್ಮಾನವಾಯಿತು. ಅದಕ್ಕೇ ಬೋರ್ಡ್ ನೋಡಿ ನಂಬಬಾರದು, ಡಿಪ್ಲೊಮಾ ಕೊಡುವವರು ಯಾರು ಅಂತ ನೋಡಬೇಕು.

ಎಎಂಐ, ಅಂದರೆ ಅಸೋಸಿಯೇಷನ್ ಮಾಂಟೆಸ್ಸರಿ ಇಂಟರ್‌ನ್ಯಾಷನಲ್, 1929ರಲ್ಲಿ ಮಾಂಟೆಸ್ಸರಿ ಅವರೇ ಮಗನ ಜೊತೆ ಸೇರಿ ಕಟ್ಟಿದ ಸಂಸ್ಥೆ. ಕಚೇರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಇವರ ಡಿಪ್ಲೊಮಾ ವಯಸ್ಸಿನ ಪ್ರಕಾರ ಬೇರೆ ಬೇರೆ: 0-3, 3-6, 6-12. ನಿಮಗೆ ಬೇಕಾದದ್ದು 0-3, ಮೇಲೆ ಹೇಳಿದ "ಅಸಿಸ್ಟೆಂಟ್ಸ್ ಟು ಇನ್‌ಫನ್ಸಿ" ಅದೇ. ಅಮೆರಿಕದ ಎಎಂಎಸ್, ಅಂದರೆ ಅಮೆರಿಕನ್ ಮಾಂಟೆಸ್ಸರಿ ಸೊಸೈಟಿ, 1960ರಲ್ಲಿ ಶುರುವಾದದ್ದು, ಅವರಲ್ಲಿ ಇದಕ್ಕೆ "ಇನ್‌ಫೆಂಟ್ ಅಂಡ್ ಟಾಡ್ಲರ್" ಅನ್ನುತ್ತಾರೆ. ಎರಡೂ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ತರಬೇತಿ ಕೇಂದ್ರಗಳ ಪಟ್ಟಿ ಇದೆ. ಕೇಂದ್ರದವರು ಹೇಳಿದ್ದನ್ನು ಆ ಪಟ್ಟಿಯ ಜೊತೆ ಹೋಲಿಸಿ ನೋಡಿ, ಐದು ನಿಮಿಷದ ಕೆಲಸ. ನಾನು ಮೊದಲ ಸಲ ಅದನ್ನೂ ಮಾಡಿರಲಿಲ್ಲ.

ಫೋನ್‌ನಲ್ಲಿ ಇನ್ನೂ ಕೆಲವು ಕೇಳಿ. ಪಾಠ ಮಾಡುವವರು ಇದೇ ವಯಸ್ಸಿನ ಟ್ರೈನರ್ ಹೌದಾ? ಎಷ್ಟು ದಿನ ಎದುರೆದುರು ಕೂತು ಕಲಿಯುವುದು, ಎಷ್ಟು ಆನ್‌ಲೈನ್? ಕೂಸುಗಳನ್ನು ನೋಡಲು ಎಲ್ಲಿಗೆ ಕಳಿಸುತ್ತಾರೆ? ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುತ್ತಾರಾ? ಒಟ್ಟು ಖರ್ಚು ಎಷ್ಟು? ಈ ಕೊನೆಯ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳಬೇಕು, ಯಾಕೆಂದರೆ ಕೋರ್ಸ್ ಫೀಸು ಒಂದು, ಪರೀಕ್ಷೆ ಫೀಸು ಇನ್ನೊಂದು, ಸದಸ್ಯತ್ವ ಮತ್ತೊಂದು, ಸಾಮಾನು ಮಾಡಲು ಬಟ್ಟೆ, ದಾರ, ಮರ, ಪ್ರಿಂಟು, ಆಮೇಲೆ ಪಿ.ಜಿ. ಬಾಡಿಗೆ, ಎಲ್ಲ ಸೇರಿದಾಗ ಮೊದಲು ಹೇಳಿದ ಮೊತ್ತಕ್ಕೂ ಕೊನೆಗೆ ಆಗುವುದಕ್ಕೂ ಬಹಳ ಅಂತರ ಇರುತ್ತದೆ. ಪೂರ್ತಿ ಮೊಬೈಲ್‌ನಲ್ಲೇ ಮುಗಿಯುತ್ತದೆ ಅಂದರೆ ಬೇಡ. ಕೂಸನ್ನು ಹೇಗೆ ಎತ್ತುವುದು ಅಂತ ಮೊಬೈಲ್ ನೋಡಿ ಕಲಿಯಲು ಆಗುತ್ತದಾ?

ಸೇರಲು ಪಿಯುಸಿ ಸಾಕೋ ಡಿಗ್ರಿ ಬೇಕೋ ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತದೆ. ಇಂಗ್ಲಿಷ್ ಓದಿ ಬರೆಯಲು ಬರಬೇಕು, ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಇನ್ನೊಂದು ವಿಷಯ ಸ್ಪಷ್ಟವಾಗಿರಲಿ: ಇದು ಸರ್ಕಾರಿ ಶಾಲೆ ಟೀಚರ್ ಕೆಲಸಕ್ಕೆ ಅರ್ಹತೆ ಕೊಡುವುದಿಲ್ಲ. ಅದಕ್ಕೆ ಡಿ.ಎಲ್.ಎಡ್. ಎಂಬ ಟೀಚರ್ ಡಿಪ್ಲೊಮಾ, ಟಿಇಟಿ ಎಂಬ ಅರ್ಹತಾ ಪರೀಕ್ಷೆ, ಆ ದಾರಿಯೇ ಬೇರೆ. ಅಂಗನವಾಡಿ ನೇಮಕಾತಿಯೂ ಬೇರೆ.

ಕೊಡಗಿನಿಂದ ಹೋಗುವವರಿಗೆ ದಿನಗಳ ಲೆಕ್ಕ ಮುಖ್ಯ. ನಮ್ಮಲ್ಲಿ ರೈಲೇ ಇಲ್ಲ, ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್ ಬಸ್. ದಿನಾ ಹೋಗಿ ಬರುವ ಮಾತು ಬಿಡಿ. ವರ್ಷಪೂರ್ತಿ ನಡೆಯುವ ಕೋರ್ಸ್ ಇದೆ, ಎರಡು ಮೂರು ಬೇಸಿಗೆಗಳಲ್ಲಿ ತುಂಡು ತುಂಡಾಗಿ ಮುಗಿಸುವ ಕೋರ್ಸೂ ಇರುತ್ತದೆ. ಮನೆಯಲ್ಲಿ ತೋಟ ಇದ್ದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು ನೀವೇ ನೋಡಿಕೊಳ್ಳಬೇಕಾದರೆ ಬೇಸಿಗೆ ಕೋರ್ಸ್ ಹುಡುಕಿ. ಮನೆ ಬಿಟ್ಟು ಅಷ್ಟು ದಿನ ಇರಲು ಆಗದವರಿಗೆ ಎಎಂಐನಲ್ಲೇ ಚಿಕ್ಕದೊಂದು ಅಸಿಸ್ಟೆಂಟ್ ಕೋರ್ಸ್ ಇದೆ. ಅದು ಮೇಲೆ ಹೇಳಿದ "ಅಸಿಸ್ಟೆಂಟ್ಸ್ ಟು ಇನ್‌ಫನ್ಸಿ" ಅಲ್ಲ, ಟೀಚರ್ ಡಿಪ್ಲೊಮಾ ಅಲ್ಲ, ಆದರೆ ದೊಡ್ಡ ಕೋರ್ಸ್ ಬೇಕೋ ಬೇಡವೋ ಅಂತ ಅದರಲ್ಲಿ ಗೊತ್ತಾಗುತ್ತದೆ.

ಒಳಗೆ ಏನು ಕಲಿಸುತ್ತಾರೆ

ಗರ್ಭ, ಹೆರಿಗೆ, ಮೆದುಳು ನರ ಬೆಳೆಯುವ ಬಗೆ, ಆಹಾರ, ಸ್ವಚ್ಛತೆ, ಮಾಂಟೆಸ್ಸರಿ ಅವರ ತತ್ವ. ಒಂದಷ್ಟು ದಿನ ನರ್ಸಿಂಗ್ ಓದುತ್ತಿದ್ದೀನಾ ಅನ್ನಿಸುತ್ತದೆ. ಓದಿ, ಇಲ್ಲಿ ಅವಸರ ಬೇಡ. ಹುಟ್ಟಿದ ಕೂಸಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ ಅಂತ ತಿಳಿದ ಮೇಲೆ, ಎದೆಗೆ ಹಿಡಿದಾಗ ತಾಯಿಯ ಮುಖ ಸರಿಯಾಗಿ ಅಷ್ಟೇ ದೂರದಲ್ಲಿರುತ್ತದೆ ಅಂತ ಹೊಳೆದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆಲ್ಬಮ್ ಅನ್ನುತ್ತಾರೆ, ಅದು ಫೋಟೋ ಆಲ್ಬಮ್ ಅಲ್ಲ. ಪ್ರತಿ ಸಾಮಾನು ಏನು, ಯಾವ ವಯಸ್ಸಿಗೆ, ಯಾಕೆ, ಹೇಗೆ ತೋರಿಸಬೇಕು ಅಂತ ನೀವೇ ಬರೆದು ಚಿತ್ರ ಹಾಕಿ ಕಟ್ಟುವ ಪುಸ್ತಕ. ಟ್ರೈನರ್ ತಿದ್ದುತ್ತಾರೆ, ಮತ್ತೆ ಬರೆಯಬೇಕು. ಆ ದಿನದ್ದನ್ನು ಆ ದಿನವೇ ಬರೆದುಬಿಡಿ, ವಾರ ಬಿಟ್ಟರೆ ಗುಡ್ಡೆಯಾಗುತ್ತದೆ. ಇದರ ಜೊತೆ ಗಂಟೆಗಟ್ಟಲೆ ಮಕ್ಕಳನ್ನು ನೋಡುವುದು, ಇನ್ನೊಬ್ಬ ಟೀಚರ್ ಕೈಕೆಳಗೆ ಅಭ್ಯಾಸ, ಕೊನೆಗೆ ಬರೆಯುವ ಪರೀಕ್ಷೆ, ಬಾಯಿ ಪರೀಕ್ಷೆ.

ಸಾಮಾನು ಮಾಡುವುದು ನನಗೆ ಇಷ್ಟವಾದ ಭಾಗ. ತೊಟ್ಟಿಲ ಕೂಸಿಗೆ ಮೇಲಿಂದ ತೂಗುಹಾಕುವ ಗೊಂಚಲಿಗೂ ಮೊಬೈಲ್ ಅಂತಲೇ ಅನ್ನುತ್ತಾರೆ, ಫೋನ್ ಅಲ್ಲ. ಅವು ನಾಲ್ಕು, ಒಂದರ ನಂತರ ಒಂದು. ಮೊದಲು ಮುನಾರಿ, ಕಪ್ಪು ಬಿಳುಪು. ಆಮೇಲೆ ಕೆಂಪು, ಹಳದಿ, ನೀಲಿ ಹೊಳೆಯುವ ಕಾಗದದ ಎಂಟು ಮುಖದ ಮೂರು ಆಕಾರ. ಮೂರನೆಯದು ಗೋಬ್ಬಿ. ಕೊನೆಗೆ ಗಾಳಿಗೆ ಕುಣಿಯುವ ಕಾಗದದ ಬೊಂಬೆಗಳು. ಗೋಬ್ಬಿಗೆ ಐದು ಉಂಡೆ, ಎಲ್ಲಕ್ಕೂ ಒಂದೇ ಬಣ್ಣದ ಎಂಬ್ರಾಯ್ಡರಿ ದಾರ, ಆದರೆ ಗಾಢದಿಂದ ತಿಳಿಗೆ ಐದು ಛಾಯೆ. ಉಂಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಸುತ್ತುತ್ತಾ ಹೋಗಬೇಕು, ಎಳೆಯ ಪಕ್ಕ ಎಳೆ, ಮಧ್ಯೆ ಬಿಳಿ ಕಾಣಬಾರದು. ನನ್ನ ಮೂರನೇ ಉಂಡೆ ಮುಗಿಯುವ ಹೊತ್ತಿಗೆ ಒಂದು ಕಡೆ ಕೂದಲೆಳೆಯಷ್ಟು ಬಿಳಿ ಕಂಡಿತು. ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆ. ಆಮೇಲೆ ಎರಡೂವರೆ ತಿಂಗಳ ಒಂದು ಕೂಸು ಅದೇ ಐದು ಉಂಡೆಗಳನ್ನು ಹನ್ನೆರಡು ನಿಮಿಷ ಕಣ್ಣು ಅತ್ತಿತ್ತ ಮಾಡದೆ ನೋಡಿತು. ಮೊಬೈಲನ್ನು ಮುಖದ ನೇರಕ್ಕೆ ಕಟ್ಟಬೇಡಿ, ಎದೆಯ ಮೇಲೆ ಬರುವ ಹಾಗೆ ಕಟ್ಟಿ, ಗಟ್ಟಿಯಾಗಿ.

ಕೊಡಗಿನಲ್ಲಿ ಕೋಣೆ ಹೇಗಿರಬೇಕು

ಅಂಬೆಗಾಲಿನ ವಯಸ್ಸಿನವರೆಗೆ ಮಕ್ಕಳು ಇರುವ ಕೋಣೆಗೆ ನೀಡೊ ಅನ್ನುತ್ತಾರೆ, ಇಟಾಲಿಯನ್‌ನಲ್ಲಿ ಗೂಡು ಅಂತ. ನಡೆಯಲು ಬಂದ ಮೇಲೆ 3 ವರ್ಷದವರೆಗೆ ಇನ್‌ಫೆಂಟ್ ಕಮ್ಯುನಿಟಿ. ನೀಡೊದಲ್ಲಿ ನೆಲದ ಹಾಸಿಗೆ, ಗೋಡೆಗೆ ಅಡ್ಡವಾಗಿ ಉದ್ದ ಕನ್ನಡಿ, ಹಿಡಿದು ಏಳಲು ಮರದ ಕಂಬಿ, ತೀರಾ ತಗ್ಗಿನ ಶೆಲ್ಫ್‌ನಲ್ಲಿ ಐದಾರು ಸಾಮಾನು, ಅಷ್ಟೇ.

ಪುಸ್ತಕದಲ್ಲಿ ಇರುವುದು ಇಷ್ಟು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ನೆಲ ಬೆವರುತ್ತದೆ. ಹಾಸಿಗೆಯನ್ನು ನೇರ ನೆಲಕ್ಕೆ ಹಾಕಿದರೆ ಒಂದೇ ವಾರದಲ್ಲಿ ಬೂಷ್ಟು. ನಾವು ಅಂಗೈ ಎತ್ತರದ ಮರದ ಹಲಗೆ ಮಾಡಿಸಿ, ಕೆಳಗೆ ಗಾಳಿ ಆಡಲು ಜಾಗ ಬಿಟ್ಟು, ಅದರ ಮೇಲೆ ಗಟ್ಟಿ ಹಾಸಿಗೆ ಹಾಕಿದೆವು. ಮಳೆ ಬಿಟ್ಟ ಒಂದು ಗಂಟೆ ಸಿಕ್ಕಿದರೂ ಬಿಸಿಲಿಗೆ ಇಡುವುದು. ಬಾಗಿಲ ಕೆಳಗಿನ ಸಂದು ಮುಚ್ಚಿ, ತೋಟದ ನಡುವಿನ ಮನೆಗಳಿಗೆ ಹುಳ ಹುಪ್ಪಟೆ ಬಂದೇ ಬರುತ್ತವೆ.

ಚಳಿ ಅಂತ ಮಗುವಿಗೆ ಎರಡು ಸ್ವೆಟರ್, ಟೊಪ್ಪಿ, ಕಾಲುಚೀಲ ಹಾಕಿ ಕಳಿಸುತ್ತಾರೆ. ರೆಡ್ ಆಕ್ಸೈಡ್ ನೆಲದಲ್ಲಿ ಕಾಲುಚೀಲ ಜಾರುತ್ತದೆ, ಮಗು ಅಂಬೆಗಾಲಿಡಲು ಹೋಗಿ ಮುಗ್ಗರಿಸುತ್ತದೆ. ಕೋಣೆ ಬೆಚ್ಚಗೆ ಇಡಿ, ಕಾಲುಚೀಲ ತೆಗೆಯಿರಿ. ಬರಿಗಾಲಿನ ಬೆರಳುಗಳು ನೆಲ ಹಿಡಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದರೆ ತಾಯಂದಿರೂ ಒಪ್ಪುತ್ತಾರೆ.

ಸೀರೆ ಜೋಲಿಯ ಬಗ್ಗೆ ಅಜ್ಜಿಯರ ಜೊತೆ ಜಗಳ ಮಾಡಬೇಡಿ. ಎಚ್ಚರ ಇರುವ ಮಗುವನ್ನು ಗಂಟೆಗಟ್ಟಲೆ ಜೋಲಿಯಲ್ಲಿ ಬಿಡಬಾರದು, ಚಾಪೆಯ ಮೇಲೆ ಬಿಡಬೇಕು ಎಂಬುದಷ್ಟೇ ನಿಮ್ಮ ಕೋರಿಕೆ ಆಗಿರಲಿ.

ದುಬಾರಿ ಸಾಮಾನಿಗೆ ಕಾಯಬೇಕಿಲ್ಲ. ಬೆತ್ತದ ಚಿಕ್ಕ ಬುಟ್ಟಿ, ಹಿತ್ತಾಳೆ ಗಂಟೆ, ಮುಚ್ಚಳ ಇರುವ ಡಬ್ಬಿ, ಮರದ ಸೌಟು. ಚೆಂಡು ಹಾಕಿದರೆ ಒಳಗೆ ಮಾಯವಾಗಿ ಕೆಳಗಿನ ತಟ್ಟೆಗೆ ಉರುಳಿ ಬರುವ ಪೆಟ್ಟಿಗೆಯನ್ನು ನಮ್ಮೂರ ಬಡಗಿಯೇ ಮಾಡಿಕೊಟ್ಟರು. ಅಂಚು ಉಜ್ಜಿ ನುಣ್ಣಗೆ ಮಾಡಿಸಿ.

ಒಂದೂವರೆ, ಎರಡು ವರ್ಷದವರಿಗೆ ಮನೆಗೆಲಸವೇ ಪಾಠ. ಕಿತ್ತಳೆ ಕಾಲದಲ್ಲಿ ಕಿತ್ತಳೆ ಸುಲಿಯುವುದು. ನೀವು ಮೊದಲೇ ಮೇಲಿನ ಸಿಪ್ಪೆ ಚೂರು ಎತ್ತಿಡಿ. ಮಗುವಿನ ಪಕ್ಕ ಕೂತು, ನಿಧಾನವಾಗಿ, ಎರಡು ಬೆರಳಲ್ಲಿ ಸಿಪ್ಪೆ ಹಿಡಿದು ಎಳೆದು ಬಟ್ಟಲಿಗೆ ಹಾಕಿ ತೋರಿಸಿ. ಕೈ ಆಡುವಾಗ ಬಾಯಿ ಸುಮ್ಮನಿರಲಿ, ಮಗು ಒಂದೋ ನಿಮ್ಮ ಕೈ ನೋಡುತ್ತದೆ, ಇಲ್ಲ ನಿಮ್ಮ ಮಾತು ಕೇಳುತ್ತದೆ. ಆಮೇಲೆ ಹಣ್ಣು ಅದರ ಮುಂದೆ ಇಟ್ಟುಬಿಡಿ. ರಸ ಮೊಣಕೈವರೆಗೆ ಇಳಿಯುತ್ತದೆ. ಒರೆಸುವ ಬಟ್ಟೆ ಪಕ್ಕದಲ್ಲೇ ಇರಲಿ, ಒರೆಸುವುದೂ ಅದರ ಕೆಲಸವೇ. ತಿನ್ನಲು ಕೊಡುವಾಗ ಬೀಜ ತೆಗೆಯಿರಿ.

ಮಾತು

ನಮ್ಮ ಕೋಣೆಯಲ್ಲಿ ಒಂದು ಕಾಲದಲ್ಲಿ ಒಂಬತ್ತು ಮಕ್ಕಳು, ಐದು ಮನೆಮಾತು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ, ಅಸ್ಸಾಮಿಂದ ಕೆಲಸಕ್ಕೆ ಬಂದವರ ಮಾತು. ಒಬ್ಬಳಿಗೆ ಅಮ್ಮ ಅಂದರೆ ಅವ್ವ, ಇನ್ನೊಬ್ಬನಿಗೆ ಉಮ್ಮ. ಹುಟ್ಟಿನಿಂದ 3 ವರ್ಷದವರೆಗೆ ಮಗು ಸುತ್ತಲಿನ ಮಾತನ್ನು ಪ್ರಯತ್ನವೇ ಇಲ್ಲದೆ ಹೀರಿಕೊಳ್ಳುತ್ತದೆ ಅಂತ ಮಾಂಟೆಸ್ಸರಿ ಹೇಳಿದರು, ಅದನ್ನು ನೋಡಬೇಕಾದರೆ ಕೊಡಗಿಗೆ ಬರಬೇಕು.

ಟೀಚರ್ ಮಾಡಬೇಕಾದ್ದು ಇಷ್ಟು: ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಪೂರ್ತಿ ವಾಕ್ಯ ಮಾತಾಡಿ. ಅರೆಬರೆ ಇಂಗ್ಲಿಷ್ ಬೇಡ, ತೊದಲು ಮಾತೂ ಬೇಡ. ಸಹಾಯಕ್ಕೆ ಇರುವ ಅಕ್ಕ ಯರವ ಮಾತಾಡುವವರಾದರೆ ಅವರು ಅದನ್ನೇ ಮಾತಾಡಲಿ. ಹೆಸರು ಕಲಿಸುವಾಗ ಮೊದಲು ನಿಜವಾದ ವಸ್ತು, ಆಮೇಲೆ ಅದರ ಬೊಂಬೆ, ಆಮೇಲೆ ಚಿತ್ರ. ಬುಟ್ಟಿಯಲ್ಲಿ ಬಟರ್‌ಫ್ರೂಟ್, ನಿಂಬೆ, ನೇಂದ್ರ ಬಾಳೆ ಇಡಿ. ಮುಟ್ಟಲಿ, ಮೂಸಲಿ. ಆಪಲ್, ಬಾಲ್ ಅನ್ನುವ ಚಾರ್ಟ್ ಗೋಡೆಗೆ ಅಂಟಿಸಿದರೆ ಈ ವಯಸ್ಸಿಗೆ ಏನೂ ಉಪಯೋಗ ಇಲ್ಲ.

ಊಟ, ಅಪಾಯ, ಚೆಡ್ಡಿ

6 ತಿಂಗಳವರೆಗೆ ತಾಯಿಯ ಹಾಲು ಮಾತ್ರ. ಆಮೇಲೆ ರಾಗಿ ಸರಿ, ಗಂಜಿ, ಬೇಯಿಸಿ ಕಿವುಚಿದ ನೇಂದ್ರ. ಕೂರಲು ಬಂದ ಮಗುವಿಗೆ ಅದರ ಅಳತೆಯ ಮೇಜು, ಕುರ್ಚಿ, ಪುಟ್ಟ ಗಾಜಿನ ಲೋಟ. ಗಾಜು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬಿದ್ದರೆ ಒಡೆಯುತ್ತದೆ ಅಂತ ಗೊತ್ತಾದ ಮಗು ಎರಡು ಕೈಯಲ್ಲಿ ಹಿಡಿಯುತ್ತದೆ. ನೀವು ಪಕ್ಕದಲ್ಲೇ ಇರಬೇಕು, ಒಡೆದರೆ ಮಗುವನ್ನು ದೂರ ಮಾಡಿ ನೀವೇ ಬಾಚಬೇಕು.

ಜೇನು ಬೇಡ. ಇದನ್ನು ದೊಡ್ಡದಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಕೊಡಗು ಜೇನಿನ ನಾಡು, ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸುವ ಮನೆಗಳಿವೆ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಕೊಡಬಾರದು, ಎಷ್ಟೇ ಶುದ್ಧ ಜೇನಾದರೂ. ಅದರಲ್ಲಿ ಇರಬಹುದಾದ ಬೊಟುಲಿಸಮ್ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಕೂಸಿನ ಕರುಳು ತಡೆದುಕೊಳ್ಳುವುದಿಲ್ಲ.

ಕಾಫಿ ಬೀಜ, ಮೆಣಸಿನ ಕಾಳು, ಅಡಿಕೆ ನಮ್ಮ ಅಂಗಳದಲ್ಲಿ ಸದಾ ಬಿದ್ದಿರುವ ವಸ್ತುಗಳು, ಮೂರೂ ಗಂಟಲಿಗೆ ಸಿಕ್ಕುವಂಥವು. ಕಣದಲ್ಲಿ ಒಣಹಾಕುವ ತಿಂಗಳುಗಳಲ್ಲಿ ದಿನಕ್ಕೆ ಎರಡು ಸಲ, ನೀವೇ ಮಂಡಿಯೂರಿ, ಮಗುವಿನ ಕಣ್ಣೆತ್ತರದಲ್ಲಿ ನೆಲ ನೋಡಿ. ಟಿಶ್ಯೂ ರೋಲ್‌ನ ಒಳಗಿನ ರಟ್ಟಿನ ಕೊಳವೆಯೊಳಗೆ ಹೋಗುವ ಯಾವ ವಸ್ತುವೂ 3 ವರ್ಷದೊಳಗಿನವರ ಕೈಗೆ ಸಿಗಬಾರದು. ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿದರೆ ಒಂದು ವರ್ಷದೊಳಗಿನ ಕೂಸಿಗೆ ತಲೆ ತಗ್ಗಿಸಿ ಬೆನ್ನಿಗೆ 5 ಏಟು, ಆಮೇಲೆ ಮಗುಚಿ ಎದೆಗೆ 5 ಒತ್ತು. ದೊಡ್ಡವರಿಗೆ ಮಾಡುವ ಹಾಗೆ ಹೊಟ್ಟೆ ಒತ್ತಬಾರದು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿತ ಮೇಲೆಯೇ ಮಕ್ಕಳ ಕೋಣೆಗೆ ಹೋಗಿ.

ಶೌಚದ ವಿಷಯ. ಗಟ್ಟಿಯಾಗಿ ನಡೆಯಲು ಬಂದ ಮಗುವಿಗೆ ಡೈಪರ್ ಬಿಡಿಸಿ ದಪ್ಪ ಹತ್ತಿ ಚೆಡ್ಡಿ ಹಾಕುತ್ತೇವೆ. ಒದ್ದೆಯಾದದ್ದು ಅದಕ್ಕೇ ಗೊತ್ತಾಗಲಿ ಅಂತ. ಬೈಯುವುದಿಲ್ಲ, ಚಾಕೊಲೇಟ್ ಆಸೆ ತೋರಿಸುವುದಿಲ್ಲ. "ಚೆಡ್ಡಿ ಒದ್ದೆಯಾಗಿದೆ, ಬಾ, ಬೇರೆ ಹಾಕೋಣ" ಅಷ್ಟೇ ಮಾತು. ಬಯಲುಸೀಮೆಯಲ್ಲಿ ಇದು ಸುಲಭ. ನಮ್ಮಲ್ಲಿ ಜುಲೈಯಲ್ಲಿ ಒಗೆದ ಚೆಡ್ಡಿ ನಾಲ್ಕು ದಿನವಾದರೂ ಒಣಗುವುದಿಲ್ಲ. ಒಂದು ಮಗುವಿಗೆ ಹನ್ನೆರಡು ಚೆಡ್ಡಿ ಬೇಕು, ಒಲೆಯ ಮೇಲೆ ಹಗ್ಗ ಬೇಕು, ಕರೆಂಟ್ ಹೋಗುತ್ತದೆ ಅಂತ ಮೊದಲೇ ಲೆಕ್ಕ ಇರಬೇಕು. ನಾನಂತೂ ಹೊಸದಾಗಿ ಚೆಡ್ಡಿ ಶುರು ಮಾಡುವುದನ್ನು ಅಕ್ಟೋಬರ್‌ಗೆ ಇಟ್ಟುಕೊಳ್ಳುತ್ತೇನೆ. ಈಗಾಗಲೇ ಶುರು ಮಾಡಿದ ಮಗುವಿಗೆ ಮಳೆ ಅಂತ ವಾಪಸ್ ಡೈಪರ್ ಹಾಕುವುದಿಲ್ಲ.

ಕೆಲಸ, ಮತ್ತು ಮೊದಲ ವಾರ

ಬೆಂಗಳೂರು, ಮೈಸೂರಿನಲ್ಲಿ ಕೆಲಸ ಹುಡುಕುವುದು ಸುಲಭ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಲ್ಲಿ ಕ್ರೆಶ್, ಅಂದರೆ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಬೇಕು ಅಂತ 2017ರಿಂದಲೇ ಕಾನೂನು ಹೇಳುತ್ತದೆ. ಕೊಡಗಿನಲ್ಲೇ ಇರುವವರಿಗೆ ದೊಡ್ಡ ತೋಟಗಳಿವೆ, ಇಲ್ಲವೇ ಮನೆಯ ಒಂದು ಕೋಣೆಯಲ್ಲಿ ಆರು ಮಕ್ಕಳಿಂದ ಶುರು ಮಾಡಬಹುದು. ಸಂಬಳ ಮೊದಲ ವರ್ಷ ಕಡಿಮೆಯೇ. ಒಬ್ಬರೇ ಆರು ಮಕ್ಕಳನ್ನು ನೋಡುತ್ತೇನೆ ಅಂತ ಮಾತ್ರ ಒಪ್ಪಿಕೊಳ್ಳಬೇಡಿ. ಒಬ್ಬ ಮಗುವಿನ ಚೆಡ್ಡಿ ಬದಲಿಸುವಾಗ ಉಳಿದ ಐದರ ಮೇಲೆ ಕಣ್ಣಿಡಲು ಇನ್ನೊಬ್ಬರು ಬೇಕೇ ಬೇಕು.

ಹೊಸ ಮಗು ಬಂದಾಗ ಮೊದಲ ಕೆಲವು ದಿನ ತಾಯಿಯೂ ಕೋಣೆಯಲ್ಲಿ ಕೂರಬೇಕು ಅಂತ ತರಬೇತಿಯಲ್ಲಿ ಹೇಳುತ್ತಾರೆ. ತೋಟದಲ್ಲಿ ದಿನಗೂಲಿ ಮಾಡುವ ತಾಯಿಗೆ ಅದು ಒಂದು ವಾರದ ಕೂಲಿ. ಕೇಳುವುದೇ ತಪ್ಪು. ನಾವು ಹೀಗೆ ಮಾಡಿದೆವು: ಮಗು ಸೇರುವ ಎರಡು ವಾರ ಮುಂಚೆ ನಾನೇ ಸಂಜೆ ಅವರ ಲೈನ್ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬರುವುದು, ಆಮೇಲೆ ಭಾನುವಾರ ತಾಯಿ ಮಗು ಇಬ್ಬರೂ ಕೋಣೆಗೆ ಬಂದು ಸುತ್ತಾಡಿ ಹೋಗುವುದು, ಸೇರಿದ ಮೇಲೆ ಮೊದಲ ವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ತಾಯಿ ಬಂದು ಹಾಲು ಕೊಟ್ಟು ಹೋಗುವುದು. ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ನಾನೇ ಹೋಗಿ ಮಾತಾಡಿದೆ, ಹತ್ತು ನಿಮಿಷ ಜಾಸ್ತಿ ಬಿಡುವು ಸಿಕ್ಕಿತು.

ಮಗು ಆಟದಲ್ಲಿ ಮುಳುಗಿದ್ದಾಗ ತಾಯಿ ಕದ್ದು ಹೋಗುವುದು ಬೇಡ, ಎಷ್ಟೇ ಸುಲಭ ಅನ್ನಿಸಿದರೂ. ತಿರುಗಿ ನೋಡಿದಾಗ ತಾಯಿ ಇಲ್ಲದಿದ್ದರೆ ಮರುದಿನದಿಂದ ಮಗು ಸೆರಗು ಬಿಡುವುದಿಲ್ಲ. ಮಗುವಿನ ಮುಖ ನೋಡಿ "ಹೋಗಿ ಬರ್ತೀನಿ, ಗಂಜಿ ಕುಡಿದ ಮೇಲೆ ಬರ್ತೀನಿ" ಅಂತ ಹೇಳಿಯೇ ಹೋಗಲಿ. ಅಳು ಬರುತ್ತದೆ. ಎತ್ತಿಕೊಳ್ಳಬೇಕು ಅಂತ ಕೈ ಚಾಚಿದರೆ ಎತ್ತಿಕೊಳ್ಳಿ. ಚಾಚದಿದ್ದರೆ ಬಾಗಿಲ ಹತ್ತಿರ, ಅದರ ಪಕ್ಕ, ನೀವೂ ನೆಲದ ಮೇಲೆ ಕೂತುಕೊಳ್ಳಿ.